ಚಿಕೋರಿ ಎಷ್ಟು ಹಾಕ್ಲಿ? ದಾವಣಗೆರೆ–ಹರಿಹರದ ಮನೆ ಕಾಫಿಗೆ 15 ಸೂತ್ರಗಳು

ಕಾಫಿಪುಡಿ ಅಂಗಡಿಯಲ್ಲಿ ತಕ್ಕಡಿ ಹಿಡಿದವರು ಕೇಳುವುದು ಒಂದೇ ಪ್ರಶ್ನೆ: "ಚಿಕೋರಿ ಎಷ್ಟು ಹಾಕ್ಲಿ ಅಕ್ಕಾರ?" ನಮ್ಮಲ್ಲಿ ಹೆಚ್ಚಿನವರು ಕೊಡುವ ಉತ್ತರವೂ ಒಂದೇ: "ಯಾವಾಗ್ಲೂ ಹಾಕ್ತೀರಲ್ಲ, ಅಷ್ಟೇ ಹಾಕ್ರಿ." ಆ ಅಷ್ಟು ಅಂದರೆ ಎಷ್ಟು ಎಂಬುದು ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ದೋಸೆಗೆ ಬೆಣ್ಣೆ ಕಡಿಮೆಯಾದರೆ ಅಲ್ಲೇ ನಿಂತು ಕೇಳುವ ಊರಿನವರು ನಾವು. ದಿನಾ ಎರಡು ಸಲ ಕುಡಿಯುವ ಕಾಫಿಯ ವಿಷಯದಲ್ಲಿ ಮಾತ್ರ ಯಾರು ಏನು ಕೊಟ್ಟರೂ ತಲೆಯಾಡಿಸಿ ಬರುತ್ತೇವೆ.

ಬಡಗಣ ಸೀಮೆಯ ಚಹಾ, ತೆಂಕಣ ಸೀಮೆಯ ಫಿಲ್ಟರ್ ಕಾಫಿ ಎರಡೂ ಬಂದು ಕೂಡುವ ಜಾಗ ಇದು. ಒಂದೇ ಮನೆಯಲ್ಲಿ ಅಪ್ಪನಿಗೆ ಚಾ, ಅವ್ವನಿಗೆ ಕಾಫಿ. ಬೀರೂರು, ಕಡೂರು ದಾಟಿದರೆ ಚಿಕ್ಕಮಗಳೂರು. ಬಾಬಾ ಬುಡನ್ 1670ರ ಸುಮಾರಿಗೆ ಯೆಮನ್‌ನಿಂದ ಏಳು ಬೀಜ ತಂದು ನೆಟ್ಟರೆಂದು ಹೇಳುವ ಗಿರಿ ಅಲ್ಲೇ ಇದೆ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕ. ತೋಟ ಇಷ್ಟು ಹತ್ತಿರ ಇಟ್ಟುಕೊಂಡು ತಿಂಗಳುಗಟ್ಟಲೆ ಹಳೆಯದಾದ ಪುಡಿ ಕುಡಿಯುವುದಕ್ಕೆ ಯಾವ ನೆಪವೂ ಇಲ್ಲ.

1. ಅಂಗಡಿಗೆ ಹೋಗುವ ಮೊದಲು ಬೇಕಾದ್ದೇನು ಎಂದು ತೀರ್ಮಾನಿಸಿ. ಘಮ ಮುಂದಿರಬೇಕೋ, ಕಹಿ ಮುಂದಿರಬೇಕೋ, ಹಾಲಿಗೆ ಮಂದವಾಗಿ ಬೆರೆಯಬೇಕೋ? "ಸ್ವಲ್ಪ ಸ್ಟ್ರಾಂಗ್ ಇರ್ಲಿ" ಅಂದರೆ ಎದುರಿಗಿರುವವರಿಗೆ ಏನೂ ಹೇಳಿದಂತಾಗುವುದಿಲ್ಲ. ಅವರು ಚಿಕೋರಿ ಏರಿಸಿ ಕೊಟ್ಟರೆ ತಪ್ಪು ಅವರದ್ದೂ ಅಲ್ಲ.

2. ಬೋರ್ಡಿನ ಮೇಲಿನ ಹೆಸರು ಓದಲು ಕಲಿಯಿರಿ. 'ಪ್ಲಾಂಟೇಷನ್' ಅಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಅರೇಬಿಕಾ. 'ಚೆರಿ' ಅಂದರೆ ಹಣ್ಣನ್ನು ಇಡಿಯಾಗಿ ಒಣಗಿಸಿ ಆಮೇಲೆ ಸುಲಿದದ್ದು. 'ಎಎ', 'ಎ', 'ಬಿ' ಎಂಬುವು ಬೀಜದ ಗಾತ್ರದ ದರ್ಜೆಗಳು, ರುಚಿಯ ಅಂಕಗಳಲ್ಲ. ಅರೇಬಿಕಾದಲ್ಲಿ ಘಮ ಮತ್ತು ನವಿರಾದ ಹುಳಿ ಹೆಚ್ಚು. ರೊಬಸ್ಟಾದಲ್ಲಿ ಕಹಿ, ಮಂದ ಮತ್ತು ಕೆಫೀನ್ ಹೆಚ್ಚು: ಅರೇಬಿಕಾದಲ್ಲಿ ಕೆಫೀನ್ ಶೇ 1.2ರ ಆಸುಪಾಸು ಇದ್ದರೆ ರೊಬಸ್ಟಾದಲ್ಲಿ ಹತ್ತಿರಹತ್ತಿರ ಅದರ ಎರಡರಷ್ಟು. ಬರೀ ಅರೇಬಿಕಾವನ್ನು ನಮ್ಮ ಗಟ್ಟಿ ಹಾಲಿಗೆ ಬೆರೆಸಿದರೆ ಹಾಲೇ ಗೆಲ್ಲುತ್ತದೆ. 70 ಪಾಲು ಪ್ಲಾಂಟೇಷನ್ ಎ, 30 ಪಾಲು ರೊಬಸ್ಟಾದಿಂದ ಶುರು ಮಾಡಿ. ಕಪ್ಪು ಕಾಫಿ ಕುಡಿಯುವವರು ರೊಬಸ್ಟಾ ಬಿಟ್ಟುಬಿಡಿ.

3. ಪೀಬೆರಿಗೆ ಮರುಳಾಗಬೇಡಿ. ಒಂದು ಹಣ್ಣಿನಲ್ಲಿ ಎರಡು ಬೀಜದ ಬದಲು ಒಂದೇ ದುಂಡಗೆ ಬೆಳೆದರೆ ಅದು ಪೀಬೆರಿ. ದುಂಡಗಿರುವುದರಿಂದ ಬಾಣಲೆಯಲ್ಲಿ ಚೆನ್ನಾಗಿ ಉರುಳುತ್ತದೆ, ಸಮನಾಗಿ ಹುರಿಯುತ್ತದೆ. ಅದಕ್ಕಿರುವ ಹೆಸರಿನಲ್ಲಿ ಅರ್ಧ ಪಾಲು ಅದರ ಚೆಲುವಿನದು. ಹಳೆಯ ಪೀಬೆರಿಗಿಂತ ಹೊಸದಾಗಿ ಹುರಿದ ಸಾದಾ ಎ ಮೇಲು.

4. ಚಿಕೋರಿಯನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿಸಿ. ಹದಿನೈದು ಸೂತ್ರಗಳಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಚಿಕೋರಿ ಒಂದು ಗಿಡದ ಬೇರು. ಒಣಗಿಸಿ ಹುರಿದು ಪುಡಿ ಮಾಡುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್‌ಗೆ ಬಣ್ಣ, ಮಂದ, ಒಂದು ಬಗೆಯ ಸಿಹಿಗಹಿ ಕೊಡುತ್ತದೆ. ಚಿಕೋರಿ ಹಾಕಿದ ಕಾಫಿ ಕಾಫಿಯೇ ಅಲ್ಲ ಎನ್ನುವ ಈಚಿನ ಗತ್ತು ನನಗೆ ಒಪ್ಪಿಗೆಯಿಲ್ಲ. ಹಾಲು ಬೆರೆಸುವ ಕಾಫಿಗೆ ಹದವಾದ ಚಿಕೋರಿ ಒಪ್ಪುತ್ತದೆ. ಆದರೆ ಕಾಫಿಯ ದುಡ್ಡು ಕೊಟ್ಟು ಬೇರನ್ನು ಕೊಳ್ಳುವುದು ಬೇರೆ ವಿಷಯ.

ಕಾನೂನಿನ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಪ್ಯಾಕೆಟ್ ಮೇಲೆ ಹಾಕಲೇಬೇಕು. ಅಂದರೆ ಹೆಚ್ಚುಕಡಿಮೆ ಅರ್ಧ ಚಿಕೋರಿ ಇರುವ ಪ್ಯಾಕೆಟ್ಟನ್ನು ರಾಜಾರೋಷವಾಗಿ ಮಾರಬಹುದು. ಪ್ಯಾಕೆಟ್ ತಿರುಗಿಸಿ ಸಣ್ಣ ಅಕ್ಷರ ಓದಿ. ಜಗತ್ತಿನ ಮಾರುಕಟ್ಟೆಯಲ್ಲಿ 2024ರಲ್ಲಿ ರೊಬಸ್ಟಾ, 2025ರ ಫೆಬ್ರುವರಿಯಲ್ಲಿ ಅರೇಬಿಕಾ ದಾಖಲೆ ಬೆಲೆ ಮುಟ್ಟಿದವು. ಕಾಫಿ ದುಬಾರಿಯಾದಷ್ಟೂ ಆ ಸಣ್ಣ ಅಕ್ಷರ ಓದುವುದು ಲಾಭ.

ಈಗ ಮನೆ ಲೆಕ್ಕ. 90 ಗ್ರಾಂ ಕಾಫಿಪುಡಿಗೆ 10 ಗ್ರಾಂ ಚಿಕೋರಿ ಬೆರೆಸಿ ಒಂದು ವಾರ ಕುಡಿಯಿರಿ. ಸಪ್ಪೆ ಎನಿಸಿದರೆ ಮುಂದಿನ ವಾರ 80ಕ್ಕೆ 20. ಅಲ್ಲಿಂದಾಚೆ ಏರಿಸಬೇಕು ಅನಿಸಿದರೆ ಚಿಕೋರಿ ಮುಟ್ಟಬೇಡಿ, ರೊಬಸ್ಟಾ ಪಾಲು ಏರಿಸಿ. ಸಂಜೆ ಕಾಫಿ ಕುಡಿದು ನಿದ್ದೆ ಬರದ ಹಿರಿಯರಿಗೆ ಮಾತ್ರ 60ಕ್ಕೆ 40ರ ಪುಟ್ಟ ಡಬ್ಬಿ ಬೇರೆ ಇಡಬಹುದು. ಅವರ ಲೋಟಕ್ಕೆ ಕೆಫೀನ್ ಕಡಿಮೆ ಬೀಳುತ್ತದೆ, ಬಣ್ಣ ಕಡಿಮೆಯಾಗುವುದಿಲ್ಲ.

5. ಅನುಮಾನ ಬಂದರೆ ತಣ್ಣೀರಿನ ಲೋಟ. ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ ಮೇಲೆ ಅರ್ಧ ಚಮಚ ಪುಡಿ ಉದುರಿಸಿ. ಕಾಫಿ ತೇಲುತ್ತದೆ, ಚಿಕೋರಿ ಬೇಗನೆ ಮುಳುಗುತ್ತ ಹಿಂದೆ ಕಂದು ಎಳೆ ಬಿಡುತ್ತದೆ. ಶೇಕಡಾವಾರು ಲೆಕ್ಕ ಇದರಿಂದ ಸಿಗುವುದಿಲ್ಲ. "ಬರೀ ಕಾಫಿ ರೀ" ಎಂಬ ಮಾತು ನಿಜವೋ ಎಂಬುದಷ್ಟು ತಿಳಿಯುತ್ತದೆ.

6. ಪುಡಿ ಮಾಡಿದ ದಿನಕ್ಕಿಂತ ಮೊದಲು ಹುರಿದ ದಿನ ಕೇಳಿ. ಕಣ್ಣೆದುರೇ ಪುಡಿ ಮಾಡಿ ಕೊಟ್ಟರೆ ತಾಜಾ ಎಂದುಕೊಳ್ಳುತ್ತೇವೆ. ಬೀಜ ಹುರಿದು ಎರಡು ತಿಂಗಳಾಗಿದ್ದರೆ ಆ ಘಮಘಮ ಅಂಗಡಿಯ ಗೋಡೆಯದ್ದು. ಹುರಿದ ಬೀಜ ಮೂರು–ನಾಲ್ಕು ವಾರ ಚೆನ್ನಾಗಿರುತ್ತದೆ. ಪುಡಿ ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಹಾಗಾಗಿ ಕೊಳ್ಳುವುದಾದರೆ ಬೀಜ ಕೊಳ್ಳಿ. ಕಪ್ಪಗೆ ಎಣ್ಣೆ ಮಿನುಗುವ ಬೀಜ ನೋಡಲು ಗಡುಸಾಗಿ ಕಾಣುತ್ತದೆ, ಕೆಡುವುದು ಎಲ್ಲಕ್ಕಿಂತ ಬೇಗ.

7. ಹಸಿ ಬೀಜ ಸಿಕ್ಕರೆ ಒಮ್ಮೆ ಮನೆಯಲ್ಲೇ ಹುರಿದು ನೋಡಿ. ತೋಟದ ಕಡೆ ನೆಂಟರಿರುವ ಮನೆಗಳಿಗೆ ಈ ಸೂತ್ರ. ಉಳಿದವರು ದಾಟಿ ಹೋಗಬಹುದು. ಮಂಡಕ್ಕಿ ಭಟ್ಟಿಗಳ ಊರಿನವರಿಗೆ ಹುರಿಯುವುದನ್ನು ಹೇಳಿಕೊಡಬೇಕಿಲ್ಲ, ಕಾಫಿಯ ಗುರುತುಗಳನ್ನಷ್ಟೇ ಹೇಳುತ್ತೇನೆ. ದಪ್ಪ ತಳದ ಕಬ್ಬಿಣದ ಬಾಣಲೆ, 250 ಗ್ರಾಂ ಬೀಜ, ಮಧ್ಯಮ ಉರಿ, ಕೈ ನಿಲ್ಲಿಸುವಂತಿಲ್ಲ. ಹಸಿರು ಬೀಜ ಹಳದಿಯಾಗಿ, ಕಂದಾಗಿ, ಆಮೇಲೆ ಚಟಪಟ ಸಿಡಿಯಲು ಶುರು ಮಾಡುತ್ತದೆ. ಆ ಮೊದಲ ಸಿಡಿತ ಮುಗಿದು ಎರಡನೆಯದು ಸಣ್ಣಗೆ ಕೇಳಲು ಶುರುವಾಗುವ ಹೊತ್ತಿಗೆ ಇಳಿಸಿದರೆ ಹಾಲಿನ ಕಾಫಿಗೆ ಹದ. ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಸೀಯುತ್ತದೆ. ತಕ್ಷಣ ಮೊರಕ್ಕೆ ಸುರಿದು ಕೇರಿ, ಸಿಪ್ಪೆ ಹಾರಿ ಹೋಗಲಿ, ಬೀಜ ಆರಲಿ. 250 ಗ್ರಾಂ ಹಾಕಿದ್ದು ಸುಮಾರು 210 ಗ್ರಾಂ ಆಗುತ್ತದೆ. ಹೋದದ್ದು ಬಹುಪಾಲು ನೀರು. ಅಂದೇ ಪುಡಿ ಮಾಡಬೇಡಿ. ಒಳಗಿನ ಅನಿಲ ಹೊರಹೋಗಲು ಒಂದು ರಾತ್ರಿಯಾದರೂ ಬೇಕು. ಹೊಗೆ ವಿಪರೀತ, ಕಿಟಕಿ ತೆರೆದಿರಲಿ.

8. ಮಿಕ್ಸಿಯಲ್ಲಿ ಪುಡಿ ಮಾಡುವುದಾದರೆ ಬಿಟ್ಟುಬಿಟ್ಟು ತಿರುಗಿಸಿ. ಬಹುತೇಕ ಮನೆಗಳಲ್ಲಿ ಇರುವುದು ಮಿಕ್ಸಿಯೇ. ಅದರ ಅಲಗು ಬೀಜವನ್ನು ಅರೆಯುವುದಿಲ್ಲ, ಹೊಡೆದು ಒಡೆಯುತ್ತದೆ. ಆದ್ದರಿಂದ ಒಂದೇ ಜಾರಿನಲ್ಲಿ ನುಚ್ಚೂ ಇರುತ್ತದೆ, ಧೂಳೂ ಇರುತ್ತದೆ. ನುಚ್ಚಿನಿಂದ ರುಚಿ ಇಳಿಯುವುದಿಲ್ಲ, ಧೂಳಿನಿಂದ ಕಹಿ ಮಾತ್ರ ಇಳಿಯುತ್ತದೆ, ಜೊತೆಗೆ ಫಿಲ್ಟರಿನ ತೂತೂ ಮುಚ್ಚುತ್ತದೆ. ಇದಕ್ಕೆ ಉಪಾಯವಿದೆ. ಸಣ್ಣ ಒಣ ಜಾರಿನಲ್ಲಿ ಮೂರನೆಯ ಒಂದು ಪಾಲಿನಷ್ಟೇ ಬೀಜ ಹಾಕಿ. ಐದು ಸೆಕೆಂಡು ತಿರುಗಿಸಿ, ಹತ್ತು ಸೆಕೆಂಡು ನಿಲ್ಲಿಸಿ, ಜಾರನ್ನು ಅಲ್ಲಾಡಿಸಿ, ಮತ್ತೆ ತಿರುಗಿಸಿ. ಜಾರಿನ ತಳ ಬಿಸಿಯಾದರೆ ಘಮ ಅಲ್ಲೇ ಹಾರಿತು ಅಂತ ತಿಳಿಯಿರಿ. ಆಮೇಲೆ ರವೆ ಜರಡಿಯಲ್ಲಿ ಒಮ್ಮೆ ಆಡಿಸಿ, ಮೇಲುಳಿದ ನುಚ್ಚನ್ನು ಮತ್ತೆ ಜಾರಿಗೆ ಹಾಕಿ. ಬೆರಳಲ್ಲಿ ಉಜ್ಜಿದರೆ ಚಿರೋಟಿ ರವೆಯಷ್ಟು ತರಿ ಸಿಕ್ಕಬೇಕು. ಮೈದಾದಂತೆ ಜಾರಿದರೆ ಹದ ತಪ್ಪಿತು.

ಇನ್ನೊಂದು ಕಂಟಕ ನಮ್ಮ ಸೀಮೆಯ ಅಡುಗೆಮನೆಗೆ ಸೇರಿದ್ದು. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಕೆಂಪು ಖಾರ ಎಲ್ಲ ಅದೇ ಜಾರಿನಲ್ಲಿ ಆಗಿರುತ್ತವೆ. ಬೆಳ್ಳುಳ್ಳಿಯ ವಾಸನೆ ನೀರಲ್ಲಿ ತೊಳೆದರೆ ಹೋಗುವುದಿಲ್ಲ. ಒಂದು ಹಿಡಿ ಅಕ್ಕಿ ಹಾಕಿ ಪುಡಿ ಮಾಡಿ ಚೆಲ್ಲಿ, ಒಣ ಬಟ್ಟೆಯಿಂದ ಒರೆಸಿ. ಸಾಧ್ಯವಿದ್ದರೆ ಕಾಫಿಗೆಂದೇ ಒಂದು ಜಾರ್ ಇಟ್ಟುಕೊಂಡು, ಅದನ್ನು ಬೇರೆಯವರ ಕೈಗೆ ಸಿಗದಂತೆ ಮೇಲಿನ ಅಟ್ಟಣಿಗೆಯಲ್ಲಿಡಿ.

9. ದುಡ್ಡು ಹಾಕುವುದಾದರೆ ಗ್ರೈಂಡರಿಗೆ ಹಾಕಿ. ಬಣ್ಣಬಣ್ಣದ ಕಾಫಿ ಯಂತ್ರಕ್ಕಿಂತ ಕೈಯಲ್ಲಿ ತಿರುಗಿಸುವ ಒಂದು ಒಳ್ಳೆಯ ಗ್ರೈಂಡರ್ ರುಚಿಯನ್ನು ಹೆಚ್ಚು ಬದಲಿಸುತ್ತದೆ. ಅದರೊಳಗೆ ಹಲ್ಲಿರುವ ಎರಡು ಉಕ್ಕಿನ ಬಿಲ್ಲೆಗಳು. ಅವುಗಳ ನಡುವಿನ ಸಂದಿಯೇ ಪುಡಿಯ ಗಾತ್ರ. ಸ್ಕ್ರೂ ಒಂದು ಗೆರೆ ತಿರುಗಿಸಿದರೆ ಲೋಟದ ರುಚಿ ಬೇರೆ. ಮೈಸೂರು ಕಿರ್ಲೋಸ್ಕರ್ 1941ರಿಂದ ಲೇತ್ ಯಂತ್ರ ತಯಾರಿಸಿದ ಹರಿಹರದಲ್ಲಿ, ಕೂದಲೆಳೆಯ ಅಂತರ ಎಷ್ಟು ಮುಖ್ಯ ಎಂದು ಬಲ್ಲ ಹಿರಿಯರು ಇದ್ದಾರೆ. ಕೊಳ್ಳುವ ಮುನ್ನ ಅಂಥವರ ಕೈಗೆ ಕೊಟ್ಟು ನೋಡಿ: ಬಿಲ್ಲೆ ಅಲ್ಲಾಡುತ್ತದೋ, ನಡುಗಂಬಿ ನೇರ ಇದೆಯೋ ಎಂದು ಅರ್ಧ ನಿಮಿಷದಲ್ಲಿ ಹೇಳುತ್ತಾರೆ. ಅಜ್ಜಿಯ ಕಾಲದ, ಮೇಜಿಗೆ ಬಿಗಿಯುವ ಎರಕದ ಕಬ್ಬಿಣದ ಮಿಲ್ಲು ಅಟ್ಟದ ಮೇಲಿದ್ದರೆ ಇಳಿಸಿ, ತುಕ್ಕು ಉಜ್ಜಿ ತೆಗೆಯಿರಿ. ಅದರ ತತ್ವವೂ ಇದೇ.

10. ಹಿಟ್ಟಿನ ಗಿರಣಿಗೆ ಕಾಫಿ ಬೀಜ ಒಯ್ಯಬೇಡಿ. ನಿಮಗಿಂತ ಮೊದಲಿನ ಪಾಳಿ ಮೆಣಸಿನಕಾಯಿಯದ್ದಾಗಿದ್ದರೆ ಕಾಫಿಗೆ ಖಾರ. ನಿಮ್ಮ ನಂತರದವರ ಜೋಳದ ಹಿಟ್ಟಿಗೆ ಕಾಫಿ.

11. ನೀರಿನ ಮೂಲ ತಿಳಿದುಕೊಳ್ಳಿ. ಡಿಕಾಕ್ಷನ್ನಿನಲ್ಲಿ ಬಹುಪಾಲು ನೀರೇ. ದಾವಣಗೆರೆಯ ನಲ್ಲಿಗೆ ಬರುವುದು ರಾಜನಹಳ್ಳಿಯಲ್ಲಿ ಎತ್ತುವ ತುಂಗಭದ್ರೆಯ ನೀರು, ಇಲ್ಲವೇ ಕುಂದುವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಲ್ಲಿ ನಿಲ್ಲಿಸಿದ ನೀರು. ನಲ್ಲಿ ಬಾರದ ದಿನ ಬೋರ್ ನೀರು. ಬೋರ್ ನೀರು ಸಾಮಾನ್ಯವಾಗಿ ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ ಅದೇ ಸಾಕ್ಷಿ. ಗಡಸು ನೀರಿನಲ್ಲಿರುವ ಕ್ಷಾರ ಕಾಫಿಯ ಹುಳಿಯನ್ನು ನುಂಗಿ, ಸುಣ್ಣದಂಥ ರುಚಿ ಉಳಿಸುತ್ತದೆ. ಒಳ್ಳೆಯ ಅರೇಬಿಕಾ ತಂದು ಬೋರ್ ನೀರಿನಲ್ಲಿ ಮಾಡಿದರೆ ಹಣ ದಂಡ.

ಹಾಗಂತ ಶುದ್ಧ ನೀರಿನ ಘಟಕದ ಕ್ಯಾನ್ ನೀರೇ ಸರ್ವೋತ್ತಮ ಎಂದೂ ಅಲ್ಲ. ಆರ್‌ಒ ಯಂತ್ರ ಲವಣಗಳನ್ನೆಲ್ಲ ತೆಗೆದುಬಿಟ್ಟರೆ ನೀರಿಗೆ ರುಚಿ ಹಿಡಿಯುವ ಶಕ್ತಿಯೂ ಕುಗ್ಗುತ್ತದೆ, ಕಾಫಿ ಬೋಳುಬೋಳು. ಸೋಸಿದ ನಲ್ಲಿ ನೀರು ಸಿಕ್ಕರೆ ಅದೇ ಉತ್ತಮ. ಆರ್‌ಒ ಮಾತ್ರ ಇದ್ದರೆ ಮೂರು ಪಾಲಿಗೆ ಒಂದು ಪಾಲು ಸೋಸಿದ ನಲ್ಲಿ ನೀರು ಬೆರೆಸಿ, ಒಟ್ಟಿಗೆ ಚೆನ್ನಾಗಿ ಕುದಿಸಿ.

ಬಿಸಿಯ ಲೆಕ್ಕ ಸುಲಭ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 98 ಡಿಗ್ರಿಯ ಹತ್ತಿರ ಕುದಿಯುತ್ತದೆ. ಕಾಫಿಗೆ ಬೇಕಾದ್ದು 90ರಿಂದ 96. ಕುದಿ ಬಂದ ಮೇಲೆ ಒಲೆ ಆರಿಸಿ, ಅರ್ಧ ನಿಮಿಷ ಬಿಟ್ಟು ಸುರಿಯಿರಿ. ಥರ್ಮಾಮೀಟರ್ ಬೇಡ.

12. ಫಿಲ್ಟರಿಗೆ ಹಾಕುವುದನ್ನು ತೂಗಿ. ಇಬ್ಬರಿಗೆ 25 ಗ್ರಾಂ ಪುಡಿ, 130 ಮಿ.ಲೀ. ನೀರು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ತಾನೇ ಹಿಡಿದುಕೊಳ್ಳುವುದರಿಂದ ಕೆಳಗೆ ಇಳಿಯುವುದು 80 ಮಿ.ಲೀ. ಆಸುಪಾಸು, ಲೋಟಕ್ಕೆ 40. ಅಷ್ಟಕ್ಕೆ 100 ಮಿ.ಲೀ. ಹಾಲು. ಮೇಲಿನ ಬಟ್ಟಲಿಗೆ ಪುಡಿ ಹಾಕಿ, ಪಕ್ಕಕ್ಕೆ ತಟ್ಟಿ ಸಮ ಮಾಡಿ, ಕೊಡೆಯನ್ನು ಹಗುರಾಗಿ ಕೂರಿಸಿ. ಗಟ್ಟಿಯಾಗಿ ಒತ್ತುವುದು ಹಲವರ ಅಭ್ಯಾಸ. ಒತ್ತಿದಷ್ಟೂ ನೀರು ನಿಲ್ಲುತ್ತದೆ. ಮೊದಲು ಎರಡು ದೊಡ್ಡ ಚಮಚದಷ್ಟು ಬಿಸಿನೀರು ಸುತ್ತಲೂ ಹನಿಸಿ. ಪುಡಿ ಉಬ್ಬುತ್ತದೆ. ಅರ್ಧ ನಿಮಿಷ ಬಿಟ್ಟು ಉಳಿದ ನೀರು ಸುರಿದು ಮುಚ್ಚಿ. ಪುಡಿ ಉಬ್ಬದೇ ಇದ್ದರೆ ಅದು ಹಳೆಯದು.

13. ತೊಟ್ಟಿಕ್ಕುವ ಹೊತ್ತನ್ನು ಗಡಿಯಾರದಲ್ಲಿ ನೋಡಿ. ಡಿಕಾಕ್ಷನ್ ಪೂರಾ ಇಳಿಯಲು 15ರಿಂದ 20 ನಿಮಿಷ ಸರಿ. ಐದೇ ನಿಮಿಷಕ್ಕೆ ಇಳಿದು ನೀರುನೀರಾದರೆ ಪುಡಿ ತರಿಯಾಗಿದೆ. ಮುಕ್ಕಾಲು ಗಂಟೆಯಾದರೂ ನಿಂತೇ ಇದ್ದರೆ ಪುಡಿ ನುಣುಪು, ಇಲ್ಲವೇ ಚಿಕೋರಿ ಹೆಚ್ಚು, ಇಲ್ಲವೇ ತೂತು ಕಟ್ಟಿದೆ. ಬಟ್ಟಲನ್ನು ಬೆಳಕಿಗೆ ಹಿಡಿಯಿರಿ. ತೂತಿನಲ್ಲಿ ಬೆಳಕು ಕಾಣದಿದ್ದರೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಸೂಜಿಯಿಂದ ಬಿಡಿಸಿ. ಹಿತ್ತಾಳೆ ಫಿಲ್ಟರ್ ಇದ್ದವರು ಒಳಗಿನ ಕಲಾಯಿ ಹೋಗಿದೆಯೋ ನೋಡಿ. ಫಿಲ್ಟರೇ ಇಲ್ಲದ ಮನೆಗಳಲ್ಲಿ ಬಟ್ಟೆ ಸಾಕು: ಕುದಿದ ನೀರಿಗೆ ಪುಡಿ ಹಾಕಿ, ಒಲೆ ಆರಿಸಿ, ನಾಲ್ಕೈದು ನಿಮಿಷ ಮುಚ್ಚಿಟ್ಟು ಸೋಸಿ. ಆ ಬಟ್ಟೆಗೆ ಸೋಪು ತಾಗಿಸಬೇಡಿ. ಡಿಕಾಕ್ಷನ್ನನ್ನು ಯಾವತ್ತೂ ನೇರ ಒಲೆಯ ಮೇಲೆ ಕುದಿಸಬೇಡಿ. ಆರಿದ್ದರೆ ಬಿಸಿನೀರಿನ ಪಾತ್ರೆಯೊಳಗೆ ಲೋಟ ಇಟ್ಟು ಬೆಚ್ಚಗೆ ಮಾಡಿ.

14. ಹಾಲಿಗೆ ತಕ್ಕ ಪುಡಿ, ತಿಂಡಿಗೆ ತಕ್ಕ ಕಾಫಿ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಗೆ ಸೇರಿದ ಒಕ್ಕೂಟ ಶಿಮುಲ್; ನಮ್ಮ ಮನೆಗಳಿಗೆ ಬರುವ ನಂದಿನಿ ಅದರದ್ದು. ನೀಲಿ ಪ್ಯಾಕೆಟ್ಟಿನಲ್ಲಿ ಕೊಬ್ಬು ಶೇ 3, ಶುಭಂನಲ್ಲಿ ಶೇ 4.5. ನೀಲಿಗೆ ಒಪ್ಪುವ ಡಿಕಾಕ್ಷನ್ ಶುಭಂಗೆ ಸಾಲದು, ಎಮ್ಮೆ ಹಾಲಿಗಂತೂ ಏನೇನೂ ಸಾಲದು. ಎಮ್ಮೆ ಹಾಲಿನ ಮನೆಯವರು ರೊಬಸ್ಟಾ ಪಾಲನ್ನು ಅರ್ಧದವರೆಗೂ ಒಯ್ಯಬಹುದು. ಹಾಲು ಒಮ್ಮೆ ಉಕ್ಕಿದಾಗಲೇ ಬಳಸಿ. ಬೆಳಗಿನಿಂದ ನಾಲ್ಕು ಸಲ ಕಾಯಿಸಿದ ಹಾಲಿಗೆ ಬೆಂದ ವಾಸನೆ ಬಂದಿರುತ್ತದೆ. ಬೆಲ್ಲದ ಕಾಫಿ ಇಷ್ಟವೆನ್ನುವವರು ಬೆಲ್ಲವನ್ನು ಬಿಸಿ ಡಿಕಾಕ್ಷನ್ನಿನಲ್ಲಿ ಕರಗಿಸಿ, ಒಲೆಯಿಂದ ಇಳಿಸಿದ ಹಾಲನ್ನು ಆಮೇಲೆ ಸೇರಿಸಿ. ಬೆಲ್ಲದ ಜೊತೆ ಹಾಲು ಕುದಿಸಿದರೆ ಒಡೆಯುತ್ತದೆ.

ಇನ್ನು ತಿಂಡಿ. ಬೆಣ್ಣೆ ದೋಸೆ ತಿಂದ ಬಾಯಿಗೆ ತೆಳ್ಳನೆ ಕಾಫಿ ತಿಳಿಯುವುದೇ ಇಲ್ಲ, ನಾಲಿಗೆಗೆ ಬೆಣ್ಣೆ ಸವರಿರುತ್ತದೆ. ಆವತ್ತು ಹಾಲು ಇಳಿಸಿ, ಡಿಕಾಕ್ಷನ್ ಏರಿಸಿ, ಸಕ್ಕರೆ ಅರ್ಧ ಮಾಡಿ. ಸಂಜೆ ಮಂಡಕ್ಕಿ–ಮಿರ್ಚಿಯ ಜೊತೆಗೆ ಇದರ ತದ್ವಿರುದ್ಧ. ಖಾರವನ್ನು ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನು ಸೆಳೆದುಕೊಳ್ಳುತ್ತದೆ, ಸುಡುವ ಬಿಸಿ ಅದೇ ಖಾರವನ್ನು ಕೆರಳಿಸುತ್ತದೆ. ಆದ್ದರಿಂದ ಮಿರ್ಚಿ ತಿಂದ ಮೇಲೆ ಹಾಲು ಹೆಚ್ಚು, ಬಿಸಿ ಕಡಿಮೆ. ಕುದಿಕುದಿ ಕಾಫಿ ಕುಡಿದು ಕಣ್ಣೀರು ಹಾಕುವುದರಲ್ಲಿ ಶೌರ್ಯವೇನೂ ಇಲ್ಲ.

15. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಡಬ್ಬಿಯ ಮೇಲೆ ಬರೆದಿಡಿ. ಬೀಜ, ಚಿಕೋರಿ, ಹಾಲು ಮೂರನ್ನೂ ಒಟ್ಟಿಗೆ ಬದಲಿಸಿದರೆ ಚೆನ್ನಾದದ್ದು ಯಾವುದರಿಂದ, ಕೆಟ್ಟದ್ದು ಯಾವುದರಿಂದ ಎಂದು ಗೊತ್ತಾಗುವುದೇ ಇಲ್ಲ. ಹೊಸ ಮಿಶ್ರಣದ ಮೊದಲ ಗುಟುಕು ಸಕ್ಕರೆ ಇಲ್ಲದೆ ಕುಡಿಯಿರಿ; ಸಕ್ಕರೆ ಒಳ್ಳೆಯದನ್ನೂ ಮುಚ್ಚುತ್ತದೆ, ಕೆಟ್ಟದ್ದನ್ನೂ ಮುಚ್ಚುತ್ತದೆ. ಡಬ್ಬಿಗೆ ಚೀಟಿ ಅಂಟಿಸಿ ಮೂರು ಸಾಲು ಬರೆಯಿರಿ: ಹುರಿದ ದಿನ, ಯಾವ ಬೀಜ ಎಷ್ಟು, ಚಿಕೋರಿ ಎಷ್ಟು. ಡಬ್ಬಿ ಗಾಳಿಯಾಡದಂತಿರಲಿ, ಒಲೆಯ ಪಕ್ಕ ಬೇಡ, ಏಪ್ರಿಲ್–ಮೇ ಬಿಸಿಲು ಬೀಳುವ ಕಿಟಕಿಯಲ್ಲಂತೂ ಬೇಡವೇ ಬೇಡ. ಫ್ರಿಜ್ಜಿನಲ್ಲಿಟ್ಟು ದಿನಾ ತೆಗೆದರೆ ತೇವ ಕೂರುತ್ತದೆ.

ಮುಂದಿನ ಸಲ ಅಂಗಡಿಗೆ ಹೋದಾಗ ಅರ್ಧ ಕೆ.ಜಿ. ಪುಡಿ ಕಟ್ಟಿಸಬೇಡಿ. 150 ಗ್ರಾಂ ಬೀಜ, 25 ಗ್ರಾಂ ಚಿಕೋರಿ ಬೇರೆಬೇರೆ ಪೊಟ್ಟಣದಲ್ಲಿ ಕೇಳಿ. ಇಬ್ಬರಿರುವ ಮನೆಗೆ, ದಿನಕ್ಕೊಂದು ಹೊತ್ತಿನ ಕಾಫಿಗೆ, ಒಂದು ವಾರ ಅದು ಸಾಕು.